ಅವರ ಬದಲು ನಾನು ಹೋದ ಸಭೆಗಳು

ನನ್ನ ಗಂಡನ ಮಾತು ನಿಂತದ್ದು ಒಂದು ಸೋಮವಾರ ಬೆಳಿಗ್ಗೆ, ಶೇವ್ ಮಾಡಿಕೊಳ್ಳುವಾಗ. ತೊಂಬತ್ತರ ದಶಕದ ನಡುವಿನ ವರ್ಷಗಳು. ಬೋಗಾದಿಯಲ್ಲಿ ಮನೆ ಕಟ್ಟಿಸಿಕೊಂಡು ನಾವಿಬ್ಬರೂ ಬಂದು ಹೆಚ್ಚು ಕಾಲವಾಗಿರಲಿಲ್ಲ. ನಮಗೆ ಮಕ್ಕಳಿರಲಿಲ್ಲ. ಸುತ್ತ ಇನ್ನೂ ಅರ್ಧಂಬರ್ಧ ಎದ್ದ ಮನೆಗಳು, ಮರಳಿನ ಗುಡ್ಡೆಗಳು. ನಾನು ಚಟ್ನಿಗೆ ಒಗ್ಗರಣೆ ಹಾಕುತ್ತಿದ್ದೆ. ಬಚ್ಚಲಿನಿಂದ ಅವರು ಏನೋ ಕೂಗಿದಂತಾಯಿತು. ಅದು ನನ್ನ ಹೆಸರಾಗಿರಲಿಲ್ಲ, ಯಾವ ಮಾತೂ ಆಗಿರಲಿಲ್ಲ. ಓಡಿಹೋಗಿ ನೋಡಿದರೆ ಒಂದು ಕೆನ್ನೆಯ ಮೇಲೆ ನೊರೆ ಹಾಗೇ ಇತ್ತು. ಬಾಯಿ ವಾರೆಯಾಗಿತ್ತು. ರೇಜರು ಬಕೆಟ್ಟಿನ ನೀರಿನಲ್ಲಿ ಬಿದ್ದಿತ್ತು. ಅದನ್ನು ತೆಗೆಯಲು ಅವರು ಬಗ್ಗುತ್ತಿದ್ದರು, ಕೈ ಹೋಗುತ್ತಿರಲಿಲ್ಲ.

ಆಸ್ಪತ್ರೆಯಿಂದ ಮನೆಗೆ ಬರುವ ಹೊತ್ತಿಗೆ ಕಾಲು ಅಷ್ಟಿಷ್ಟು ಸರಿಹೋಗಿತ್ತು. ಬಲಗೈಗೆ ಹಿಡಿತವಿರಲಿಲ್ಲ. ಮಾತು ಬರಲೇ ಇಲ್ಲ. ಡಾಕ್ಟರು ನನ್ನನ್ನು ವಾರ್ಡಿನ ಹೊರಗೆ ಕರೆದು ಹೇಳಿದರು: “ನೀವು ಹೇಳೋದೆಲ್ಲ ಅವರಿಗೆ ಅರ್ಥ ಆಗತ್ತಮ್ಮ. ತಾನು ಏನು ಹೇಳ್ಬೇಕು ಅನ್ನೋದೂ ಗೊತ್ತಿರತ್ತೆ. ಆದ್ರೆ ಮಾತು ಸಿಗಲ್ಲ. ಬರಿಯೋಕೆ ಹೋದ್ರೂ ಹಾಗೇನೇ.”

ಉಳಿದದ್ದು ಒಂದೇ ಮಾತು, “ಅದೇ.” ಹಸಿವಾದರೂ ಅದೇ, ಕೋಪ ಬಂದರೂ ಅದೇ. ನನ್ನನ್ನು ಕರೆಯುವುದೂ ಅದರಲ್ಲೇ.

ಬೇರೆ ಯಾರಿಗಾದರೂ ಹೀಗಾಗಿದ್ದರೆ ಇಷ್ಟು ಅನ್ನಿಸುತ್ತಿರಲಿಲ್ಲವೇನೋ. ನನ್ನ ಗಂಡ ಮಾತಿನಿಂದಲೇ ಬದುಕಿದವರು. ಮಾವನವರದು ಸಂತೇಪೇಟೆಯಲ್ಲಿ ಅಂಗಡಿ. ಮಠದ ಸ್ವಾಮಿಗಳಿಂದ ಹಿಡಿದು ಮೂಟೆ ಹೊರುವವರವರೆಗೆ ಯಾರು ಎದುರಾದರೂ ನಿಲ್ಲಿಸಿ ಮಾತಾಡಿಸುವ ಅಭ್ಯಾಸ ಇವರಿಗೆ ಅಲ್ಲಿಂದ ಬಂತು. ಅಂಗಡಿ ಬಿಟ್ಟು ಹೆಬ್ಬಾಳದ ಕೈಗಾರಿಕಾ ಪ್ರದೇಶದಲ್ಲಿ ರಟ್ಟಿನ ಬಾಕ್ಸ್ ಮಾಡುವ ಸಣ್ಣ ಯೂನಿಟ್ ಹಾಕಿದಾಗ ಆ ಅಭ್ಯಾಸವೇ ಬಂಡವಾಳವಾಯಿತು. ಮದುವೆಮನೆಗೆ ಹೋದರೆ ಊಟದ ಪಂಕ್ತಿಯಲ್ಲಿ ಪಕ್ಕ ಕೂತವರ ವ್ಯವಹಾರ ತಿಳಿದುಕೊಂಡೇ ಏಳುತ್ತಿದ್ದರು. ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗಲೂ ಬಿಡುತ್ತಿರಲಿಲ್ಲ. ಜೊತೆಗೆ ಅವರ ಹಳೆಯ ಸ್ನೇಹಿತರೊಬ್ಬರು, ಅಗರಬತ್ತಿ ಕಾರ್ಖಾನೆಯವರು. ನಂದಿಯ ಹತ್ತಿರ ಕೂತು ಇಬ್ಬರೂ ದಣಿವಾರಿಸಿಕೊಳ್ಳುವಷ್ಟರಲ್ಲಿ ಆ ತಿಂಗಳ ಆರ್ಡರು ಮಾತಾಗಿ ಮುಗಿದಿರುತ್ತಿತ್ತು. ಸಣ್ಣ ಉದ್ದಿಮೆದಾರರ ಸಂಘದ ಮಾಸಿಕ ಸಭೆಗಂತೂ ಮಳೆಯಿರಲಿ ಜ್ವರವಿರಲಿ ತಪ್ಪಿಸುತ್ತಿರಲಿಲ್ಲ. ಯೂನಿಟ್ಟಿಗೆ ಬೋರ್ಡು ಕೂಡ ಬರೆಸಿರಲಿಲ್ಲ. “ಬೋರ್ಡ್ ಯಾಕೆ, ನಾನಿಲ್ವ?” ಅನ್ನುತ್ತಿದ್ದರು.

ಮೊದಲು ಹತ್ತಿರದವರು ಕೆಲವರು ಆಸ್ಪತ್ರೆಗೆ ನೋಡಲು ಬಂದರು. ಸೇಬು, ಮೂಸಂಬಿ, ಎಳನೀರು. ಆಮೇಲೆ ಬರುವುದು ನಿಂತಿತು, ಅದರ ಹಿಂದೆಯೇ ಆರ್ಡರುಗಳೂ ಸಣ್ಣಗಾದವು. ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ನನ್ನ ಮೈದುನ ಒಂದು ಸಂಜೆ ಬಂದು, ಅಣ್ಣನಿಗೆ ಕೇಳಿಸದ ಹಾಗೆ ಅಡುಗೆಮನೆಯಲ್ಲಿ ನಿಂತು ಹೇಳಿದ:

“ಅತ್ತಿಗೆ, ಆಸ್ಪತ್ರೆಗೆ ಬಂದೋರು ಬಿಟ್ರೆ ಬೇರೆ ಯಾರಿಗೂ ಅಣ್ಣನ ವಿಷಯ ಸರಿಯಾಗಿ ಗೊತ್ತಿಲ್ಲ. ಬಿಪಿ ಜಾಸ್ತಿಯಾಗಿತ್ತು, ಈಗ ವಾಸಿ ಅನ್ನಿ ಸಾಕು. ಮಾತಿಲ್ಲ ಅಂತ ಗೊತ್ತಾದ್ರೆ ಯೂನಿಟ್ ಮುಚ್ಚೋಯ್ತು ಅಂತ ಅವ್ರೇ ತೀರ್ಮಾನ ಮಾಡ್ಬುಡ್ತಾರೆ.”

“ಮುಂದಿನ ದಾರಿ ಏನಪ್ಪ?”

“ಸಂಘದ ಮೀಟಿಂಗಿಗೆ ನೀವು ಹೋಗಿ. ಮನೆಯಿಂದ ಒಬ್ರು ಕಣ್ಣಿಗೆ ಬೀಳ್ತಾ ಇರ್ಬೇಕು.”

ನಾನು ಹೊರಗಿನ ಗಂಡಸರೊಡನೆ ನಿಂತು ಮಾತಾಡಿದವಳೇ ಅಲ್ಲ. ತೌರುಮನೆಯಲ್ಲಿ ನೆಂಟರು ಬಂದರೆ ನೀರಿನ ಚೊಂಬು ಇಟ್ಟು ಒಳಗೆ ಬರುವಷ್ಟೇ ನನ್ನ ಪಾಲಿನ ಕೆಲಸ. ಬಿ.ಎ. ಓದಿದ್ದೆ, ಆದರೆ ತರಗತಿಯಲ್ಲಿ ಒಂದು ಪ್ರಶ್ನೆ ಕೇಳಿದ ನೆನಪಿಲ್ಲ. ಆದರೂ ಯೂನಿಟ್ಟಿನಲ್ಲಿ ಕೆಲಸಗಾರರಿದ್ದರು, ಅವರ ಮನೆಗಳಿದ್ದವು. ಹೋದೆ.

ಸಭೆ ಒಂದು ಹೋಟೆಲಿನ ಮಹಡಿಯ ಹಾಲಿನಲ್ಲಿ. ಭಾಷಣ ಮುಗಿದ ಮೇಲೆ ಕಾಫಿ, ಬೋಂಡ. ನಿಜವಾದ ಸಭೆ ಶುರುವಾಗುವುದೇ ಆಗ ಎಂದು ಗಂಡ ಹೇಳುತ್ತಿದ್ದುದು ನೆನಪಿತ್ತು. ಗಂಡಸರು ಅಲ್ಲಲ್ಲಿ ಗುಂಪುಗಟ್ಟಿ, ಭುಜಕ್ಕೆ ಭುಜ ತಾಗಿಸಿ ನಿಂತಿದ್ದರು. ನಾನು ಕಾಫಿ ಲೋಟವನ್ನು ಎರಡು ಕೈಯಲ್ಲೂ ಹಿಡಿದು ಕಂಬದ ಪಕ್ಕ ನಿಂತೆ. ಸಂಘದ ಕಾರ್ಯದರ್ಶಿ ಬಂದು ಬಹಳ ಮರ್ಯಾದೆಯಿಂದ, “ಲೇಡೀಸ್ ಆ ಕಡೆ ರೂಮಲ್ಲಿ ಕೂತಿದಾರೆ ಮೇಡಂ, ಅಲ್ಲಿ ಫ್ಯಾನಿದೆ” ಎಂದರು. ಅವರು ತೋರಿಸಿದ ರೂಮಿನಲ್ಲಿ ಇದ್ದದ್ದು ಇಬ್ಬರು ಸದಸ್ಯರ ಹೆಂಡತಿಯರು, ಸಿನಿಮಾಗೆ ಹೋಗಲು ಗಂಡಂದಿರಿಗಾಗಿ ಕಾಯುತ್ತಿದ್ದವರು. ನಾನು ಅಲ್ಲಿಗೂ ಹೋಗಲಿಲ್ಲ. ಧೈರ್ಯಮಾಡಿ ಒಂದು ಗುಂಪಿನ ಹಿಂದೆ ಹೋಗಿ ನಿಂತೆ. ಯಾರೋ ಜೋರಾಗಿ ಹೇಳುತ್ತಿದ್ದರು, “ಮಂಡಕಳ್ಳಿಲಿ ವಿಮಾನ ಇಳಿಯೋಕೆ ಶುರುವಾಗ್ಲಿ, ಆಮೇಲೆ ನೋಡಿ ನಮ್ಮೂರನ್ನ.” ಯಾರೂ ತಿರುಗಿ ನೋಡಲಿಲ್ಲ. ಅವರ ಬೆನ್ನುಗಳನ್ನೇ ನೋಡುತ್ತಾ ಕಾಫಿ ಕುಡಿದು ಮುಗಿಸಿದೆ.

ಹೊರಡುವಾಗ ಮೆಟ್ಟಿಲ ಹತ್ತಿರ ಒಬ್ಬರು ಗುರುತು ಹಿಡಿದು, “ಸಾರ್ ಎಲ್ಲಿ, ಕಾಣ್ಲೇ ಇಲ್ಲ?” ಎಂದರು. “ಊರಲ್ಲಿಲ್ಲ. ಹುಬ್ಬಳ್ಳಿಗೆ ಹೋಗಿದಾರೆ,” ಎಂದುಬಿಟ್ಟೆ. ಬಿಪಿ ಅನ್ನುವುದೂ ನೆನಪಾಗಲಿಲ್ಲ.

ಮನೆಯಲ್ಲಿ ಅವರು ಮುಂಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದರು. ಹುಬ್ಬೆತ್ತಿದರು. ಯಾರು ಬಂದಿದ್ದರು, ಯಾರು ಏನಂದರು ಎಂಬುದೆಲ್ಲ ಆ ಹುಬ್ಬಿನಲ್ಲಿತ್ತು. ನಾನು ಎಲ್ಲ ಹೇಳಿದೆ. ಹೇಳುತ್ತಾ ಅಳು ಬಂತು. “ನನ್ನ ಕೈಲಿ ಆಗಲ್ಲ ರೀ. ಅಲ್ಲಿ ನಿಲ್ಲೋದು ಹೇಗೆ ಅಂತಲೇ ನಂಗೆ ಗೊತ್ತಿಲ್ಲ.”

ಅವರು ಎದ್ದು ಒಳಗೆ ಹೋದರು. ಅಡುಗೆಮನೆಯಲ್ಲಿ ಸ್ಟೀಲು ಲೋಟಗಳ ಸದ್ದು. ಎಡಗೈಯಲ್ಲಿ ಒಂದೊಂದಾಗಿ ತಂದು ಊಟದ ಮೇಜಿನ ಮೇಲೆ ದುಂಡಗೆ ಜೋಡಿಸಿದರು, ಒಂದಕ್ಕೊಂದು ತಾಗುವ ಹಾಗೆ. ಅದನ್ನು ತೋರಿಸಿ ಬೇಡವೆಂದು ತಲೆಯಾಡಿಸಿದರು. ಆಮೇಲೆ ಪಕ್ಕದಲ್ಲಿ ಇನ್ನೊಂದು ಗುಂಪು ಮಾಡಿ, ಅದರಲ್ಲಿ ಒಂದು ಕಡೆ ಜಾಗ ಬಿಟ್ಟರು. ಉದ್ಧರಣೆಯನ್ನು ದೇವರಮನೆಯಿಂದ ತಂದು ಆ ಸಂದಿಯಲ್ಲಿ ನಿಲ್ಲಿಸಲು ನೋಡಿದರು. ಅದು ಬಿದ್ದುಹೋಯಿತು. ಕೊನೆಗೆ ನಾನು ನೀರು ಕುಡಿಯುತ್ತಿದ್ದ ಲೋಟವನ್ನೇ ಕಿತ್ತುಕೊಂಡು ಅಲ್ಲಿಟ್ಟು, “ಅದೇ!” ಎಂದರು.

ತಡವಾಗಿ ಅರ್ಥವಾಯಿತು. ಬಿಗಿಯಾಗಿ ನಿಂತವರ ಹತ್ತಿರ ಹೋಗಬೇಡ. ಎಲ್ಲಿ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟಿದ್ದಾರೋ ಅಲ್ಲಿ ಹೋಗಿ ನಿಲ್ಲು.

ಅಲ್ಲಿಂದ ನಮ್ಮ ಮನೆಯಲ್ಲಿ ಪಾಠ ಶುರುವಾಯಿತು. ಲೋಟವನ್ನು ಎಡಗೈಯಲ್ಲಿ ಹಿಡಿಯಬೇಕು, ಬಲಗೈ ಖಾಲಿ ಇರಬೇಕು. ಕಣ್ಣು ನೆಲದ ಮೇಲಿರಬಾರದು. ನಮಸ್ಕಾರ ಹೇಗೆ ಮಾಡಬೇಕೆಂದು ತೋರಿಸಲು ಹೋಗಿ, ಎಡಗೈಯಿಂದ ಬಲಗೈಯನ್ನು ಎತ್ತಿ ಎದೆಯ ಮುಂದೆ ತರುತ್ತಿದ್ದರು. ಅದು ನಿಲ್ಲದೆ ಜಾರುತ್ತಿತ್ತು. ಮತ್ತೆ ಎತ್ತುತ್ತಿದ್ದರು. ಒಂದು ದಿನ ಅವರು ಅಪರಿಚಿತ ವ್ಯಾಪಾರಿಯ ಹಾಗೆ ನಡುಮನೆಯಲ್ಲಿ ನಿಂತರು. ನಾನು ಎದುರಿಗೆ ಹೋಗಿ, “ನಮಸ್ಕಾರ, ನಮ್ಮದು ರಟ್ಟಿನ ಬಾಕ್ಸಿನ ಯೂನಿಟ್, ಎಲ್ಲ ಸೈಜಲ್ಲೂ ಮಾಡಿಕೊಡ್ತೀವಿ” ಎಂದು ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ಅವರು ಆಕಳಿಸಿ, ನನ್ನ ಭುಜದ ಮೇಲಿಂದ ಬೇರೆ ಯಾರನ್ನೋ ಹುಡುಕಿದರು. ಆಸ್ಪತ್ರೆಯಿಂದ ಬಂದ ಮೇಲೆ ನಾನು ನಕ್ಕದ್ದು ಅದೇ ಮೊದಲು. “ಸರಿ, ನಿಮ್ಮದು ಏನು ವ್ಯವಹಾರ?” ಎಂದು ಕೇಳಿದೆ. ತಕ್ಷಣ ಮುಖ ನನ್ನ ಕಡೆ ತಿರುಗಿತು. ಕಿವಿ ಮುಟ್ಟಿ ತೋರಿಸಿದರು. ಆಮೇಲೆ ಎರಡು ಬೆರಳಿಂದ ನನ್ನ ತುಟಿ ಮುಚ್ಚಿದರು.

ಕೇಳಿಸಿಕೊಳ್ಳುವುದು ನನಗೆ ಬರುತ್ತಿದ್ದ ಕೆಲಸ. ಮುಂದಿನ ಸಭೆಗಳಲ್ಲಿ ಜಾಗ ನೋಡಿ ನಿಂತೆ, ಕೇಳಿದೆ. ಬೇಕರಿಯವರೊಬ್ಬರು ಕೇಕಿನ ಡಬ್ಬದ ತಳ ಎಣ್ಣೆ ಕುಡಿದು ಮೆತ್ತಗಾಗುವ ಕಷ್ಟವನ್ನು ನನ್ನೆದುರು ಬಹಳ ಹೊತ್ತು ತೋಡಿಕೊಂಡರು. ನಾನು ಬಾಕ್ಸಿನ ಮಾತೇ ಎತ್ತಲಿಲ್ಲ, ತಳಕ್ಕೆ ಎಂಥ ಕಾಗದ ಹಾಕುತ್ತಾರೆ ಎಂದಷ್ಟೇ ಕೇಳಿದೆ. ಮುಂದಿನ ವಾರ ಅವರೇ ಫೋನು ಮಾಡಿದರು. ಆ ದಿನ ನನ್ನ ಗಂಡ ಮೇಜು ಕುಟ್ಟಿ ಸಂತೋಷಪಟ್ಟರು.

ಆದರೆ ಸುಳ್ಳು ಬೆಳೆಯುತ್ತಿತ್ತು. ಹುಬ್ಬಳ್ಳಿಯಾದ ಮೇಲೆ ಕೊಯಮತ್ತೂರು, ಅದಾದ ಮೇಲೆ ಸೋಲಾಪುರ. ಫೋನು ಬಂದಾಗ ಅವರು ಎದುರಿನ ಕುರ್ಚಿಯಲ್ಲೇ ಕೂತಿರುತ್ತಿದ್ದರು, ನಾನು “ಮನೇಲಿಲ್ಲ” ಅನ್ನುತ್ತಿದ್ದೆ. ಮೊದಮೊದಲು ಸುಮ್ಮನೆ ಕಿಟಕಿ ನೋಡುತ್ತಿದ್ದರು. ಆಮೇಲಾಮೇಲೆ ಫೋನು ಹೊಡೆದುಕೊಂಡ ಕೂಡಲೇ ಎದ್ದು ಹಿತ್ತಲಿಗೆ ಹೋಗತೊಡಗಿದರು. ನನ್ನ ಮಾತು ನಿಜವಾಗಲಿ ಎಂದೋ, ಕೇಳಿಸದಿರಲಿ ಎಂದೋ, ನನಗೆ ತಿಳಿಯಲಿಲ್ಲ.

ಅಗರಬತ್ತಿಯ ಸ್ನೇಹಿತರ ಆರ್ಡರು ಅಷ್ಟರಲ್ಲಿ ಬೇರೆ ಕಡೆ ಹೋಗಿತ್ತು. ಅವರು ಆಸ್ಪತ್ರೆಗೆ ಬಂದು ಎಲ್ಲ ಕಣ್ಣಾರೆ ನೋಡಿದವರು. ಮನೆಗೆ ಮಾತ್ರ ಒಮ್ಮೆಯೂ ಬರಲಿಲ್ಲ. ಸಭೆಯಲ್ಲಿ ನಾನು ಕಂಡರೆ ಪಕ್ಕದವರ ಕಡೆಗೆ ತಿರುಗಿಬಿಡುತ್ತಿದ್ದರು.

ಒಂದು ಸಂಜೆ ಆ ಸ್ನೇಹಿತರೂ ಇದ್ದ ಗುಂಪಿನಲ್ಲಿ ನಾನು ನಿಂತಿದ್ದೆ. ಪ್ರಿಂಟಿಂಗ್ ಪ್ರೆಸ್ಸಿನವರೊಬ್ಬರು ನಗುನಗುತ್ತಲೇ ಕೇಳಿದರು, “ಮೇಡಂ, ನಿನ್ನೆ ನಾನು ಬೋಗಾದಿ ಕಡೆ ಬಂದಿದ್ದೆ. ಸಾರ್ ನಿಮ್ಮ ಕೈ ಹಿಡ್ಕೊಂಡು ನಡೀತಿದ್ರಲ್ಲ. ಸೋಲಾಪುರದಿಂದ ಯಾವಾಗ ಬಂದ್ರು?”

ನಾನು ಸ್ನೇಹಿತರ ಮುಖ ನೋಡಿದೆ. ಅವರು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವರು ಕಾಫಿಯ ಕೆನೆಯನ್ನು ಊದುತ್ತಾ ನಿಂತರು.

“ನಿನ್ನೆ ಬೆಳಿಗ್ಗೆ,” ಎಂದೆ.

ಮನೆಗೆ ಬಂದು ಅದನ್ನೂ ಹೇಳಿದೆ. ಮುಚ್ಚಿಡುವ ಶಕ್ತಿ ಇರಲಿಲ್ಲ. ಮುಂದಿನ ತಿಂಗಳು ಸಂಘದ ವಾರ್ಷಿಕ ಕೂಟ ಇತ್ತು. ಆ ದಿನ ಮಧ್ಯಾಹ್ನ ನೋಡಿದರೆ ಬೀರು ತೆಗೆದು ಬಿಳಿ ಅಂಗಿ ಹೊರಗಿಟ್ಟಿದ್ದರು, ಹಣೆಗೆ ವಿಭೂತಿ ಇಟ್ಟುಕೊಂಡಿದ್ದರು. ಬೂಟಿನ ದಾರ ಕಟ್ಟಲು ಕಾಲು ಮುಂದೆ ಚಾಚಿದರು. “ಬೇಡ ರೀ,” ಎಂದೆ. “ಅದೇ,” ಎಂದರು. ಅದು ಯಾವ “ಅದೇ” ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ದಾರ ಕಟ್ಟಿದೆ.

ಹಾಲಿನಲ್ಲಿ ಅವರನ್ನು ಕಂಡ ಕೂಡಲೇ ಜನ ಮುಗಿಬಿದ್ದರು. ಅವರು ಗುಂಪಿನಿಂದ ಗುಂಪಿಗೆ ಹೋದರು. ಎಡಗೈಯಲ್ಲಿ ಕೈಕುಲುಕಿದರು, ಬೆನ್ನು ತಟ್ಟಿದರು, ನಕ್ಕರು. ಸ್ವಲ್ಪ ಹೊತ್ತು ಎಲ್ಲ ಸರಿಯಿದೆ ಅನ್ನಿಸಿತು. ಆಮೇಲೆ ಒಬ್ಬೊಬ್ಬರಿಗೇ ತಿಳಿಯತೊಡಗಿತು. ಒಬ್ಬರು ಕಿವುಡರಿಗೆ ಹೇಳುವ ಹಾಗೆ ಕಿರುಚಿ ಮಾತಾಡಿದರು. ಇನ್ನೊಬ್ಬರು ಅವರ ತಲೆಯ ಮೇಲಿಂದ ನನ್ನನ್ನು, “ಊಟ ಎಲ್ಲ ತಾವೇ ಮಾಡ್ಕೋತಾರಾ?” ಎಂದು ಕೇಳಿದರು. ಅವರು ಹೋದ ಗುಂಪುಗಳು ಅವರು ದಾಟುತ್ತಲೇ ಸಡಿಲವಾಗಿ, ಬೇರೆ ಕಡೆ ಹೋಗಿ ಕೂಡಿಕೊಳ್ಳುತ್ತಿದ್ದವು. ಅವರಿಗೂ ಅದು ಕಾಣುತ್ತಿತ್ತು. ಹಣೆಯಲ್ಲಿ ಬೆವರಿತ್ತು.

ಊಟಕ್ಕೆ ಮುಂಚೆ ಪ್ರತಿಯೊಬ್ಬರೂ ಎದ್ದು ತಮ್ಮ ಹೆಸರು, ವ್ಯವಹಾರ ಹೇಳುವ ಪದ್ಧತಿ. ಮೈಕು ಮೇಜಿನಿಂದ ಮೇಜಿಗೆ ಬರುತ್ತಿತ್ತು. ನಮ್ಮ ಹತ್ತಿರ ಬಂದಾಗ ನಾನು ಕೈಚಾಚಿದೆ, ಅವರು ಮೊದಲು ತೆಗೆದುಕೊಂಡರು. ಎದ್ದು ನಿಂತರು.

“ಅದೇ,” ಎಂದರು.

ಹಿಂದೆ ಕೂತವರು ನಕ್ಕರು. ಈ ಮನುಷ್ಯ ಮೈಕು ಹಿಡಿದರೆ ತಮಾಷೆ ಇದ್ದೇ ಇರುತ್ತದೆ ಎಂದು ಎಲ್ಲರಿಗೂ ಅಭ್ಯಾಸವಾಗಿತ್ತು. ಅವರೂ ನಗಲು ನೋಡಿದರು. “ಅದೇ... ಅದೇ...” ಕುತ್ತಿಗೆಯ ನರ ಉಬ್ಬಿತು. ಮಾತು ಅಲ್ಲೇ ಎಲ್ಲೋ ಇದೆ, ಇನ್ನೊಂದು ಸಲ ಎಳೆದರೆ ಬರುತ್ತದೆ ಎನ್ನುವ ಹಾಗೆ ಎಳೆಯುತ್ತಿದ್ದರು. ನಗು ನಿಂತಿತು. ನನಗೆ ನೋಡಲಾಗಲಿಲ್ಲ. ಎದ್ದು, ಅವರ ಮಣಿಕಟ್ಟು ಹಿಡಿದು ಮೈಕನ್ನು ನನ್ನ ಕಡೆ ತಿರುಗಿಸಿಕೊಂಡೆ.

“ಇವರಿಗೆ ಲಕ್ವ ಹೊಡೆದು ಮಾತು ಹೋಗಿದೆ. ನೀವು ಹೇಳೋದೆಲ್ಲ ಅರ್ಥ ಆಗತ್ತೆ. ಊರಲ್ಲಿಲ್ಲ ಅಂತ ಇಷ್ಟು ದಿನ ಹೇಳ್ತಿದ್ದೋಳು ನಾನು. ಯೂನಿಟ್ ನಡೀತಾ ಇದೆ. ಕೆಲಸ ಇದ್ರೆ ನನ್ನ ಹತ್ರ ಮಾತಾಡಿ.”

ನನ್ನ ದನಿ ಅಷ್ಟು ದೊಡ್ಡ ಹಾಲಿನಲ್ಲಿ ಕೇಳಿದ್ದು ಅದೇ ಮೊದಲು. ಯಾರೋ ಚಪ್ಪಾಳೆ ತಟ್ಟಿದರು. ಮಿಕ್ಕವರೂ ತಟ್ಟಿದರು. ಬಹಳ ಹೊತ್ತು ತಟ್ಟಿದರು. ನಾನು ಗಂಡನ ಕಡೆ ನೋಡಿದೆ. ಬಚ್ಚಲಿನಲ್ಲಿ ಮಾತು ನಿಂತ ದಿನವೂ ಆ ಮುಖ ಹಾಗಿರಲಿಲ್ಲ. ಅವರು ಅಲ್ಲಿಗೆ ರೋಗಿಯಾಗಿ ಬಂದಿರಲಿಲ್ಲ, ಹಿಂದಿನ ಹಾಗೆ ನಾಲ್ಕು ಜನರ ನಡುವೆ ನಿಲ್ಲಲು ಬಂದಿದ್ದರು. ಎಲ್ಲರ ಚಪ್ಪಾಳೆಯಲ್ಲಿ ಅದು ಮುಗಿದುಹೋಯಿತು. ನಾನು ಸುಮ್ಮನೆ ಕೂತು ಅವರನ್ನು ಒದ್ದಾಡಲು ಬಿಡಬೇಕಿತ್ತೇ?

ಆಟೋದಲ್ಲಿ ಹೊರಗಡೆ ನೋಡುತ್ತಾ ಕೂತರು. ಇಳಿಯುವಾಗ ನಾನು ತೋಳು ಹಿಡಿಯಲು ಹೋದರೆ ಕೊಡವಿಕೊಂಡರು. ಅನೇಕ ದಿನ “ಅದೇ” ಕೂಡ ಇಲ್ಲ. ತಟ್ಟೆ ಇಟ್ಟರೆ ಉಣ್ಣುತ್ತಿದ್ದರು, ಇಲ್ಲದಿದ್ದರೆ ಇಲ್ಲ.

ಆಮೇಲಿನ ಒಂದು ಭಾನುವಾರ ಅಗರಬತ್ತಿಯ ಸ್ನೇಹಿತರು ಬಂದರು. ಕಾಲಲ್ಲಿ ಬೆಟ್ಟ ಹತ್ತುವ ಕ್ಯಾನ್ವಾಸ್ ಶೂಸು. ಮುಂದಿನ ಕೋಣೆಯಲ್ಲಿ ಕೂತು ಒಂದೇ ಸಮನೆ ಮಾತಾಡಿದರು. ಮೆಟ್ಟಿಲು ರಿಪೇರಿ ಮಾಡುತ್ತಿರುವುದು, ಬೆಟ್ಟದ ಮೇಲೆ ಕೋತಿಗಳ ಕಾಟ, ಮಂಡಕಳ್ಳಿಯ ಸುತ್ತ ಜಮೀನು ಹುಡುಕುವವರ ಗಲಾಟೆ. ನನ್ನ ಗಂಡ ಅವರ ಮುಖವನ್ನೇ ನೋಡುತ್ತಾ ಕೇಳಿಸಿಕೊಂಡರು. ಮಾತು ಮುಗಿದಾಗ ಸ್ನೇಹಿತರು ಎದ್ದರು. ಗೇಟಿನ ತನಕ ನಾನು ಹೋದೆ.

“ನಿಜ ಹೇಳ್ತೀನಿ ಕಣಮ್ಮ,” ಎಂದರು, ಗೇಟಿನ ಚಿಲಕ ಹಿಡಿದುಕೊಂಡು. “ಇವ್ನ ಮುಂದೆ ಕೂರಕ್ಕೆ ನಂಗಾಗಕ್ಕಿಲ್ಲ. ಬೆಟ್ಟ ಹತ್ತೋವಾಗ ಇವ್ನು ಮಾತಾಡೋನು, ನಾನು ಹೂಂ ಅನ್ನೋನು. ಇಷ್ಟು ವರ್ಸ ಅಂಗೇ ನಡೀತು. ಈಗ ನಾನೇನ್ ಮಾತಾಡ್ಲಿ, ಯೋಳಿ?”

“ನಮ್ಮ ಆರ್ಡರು ಬೇರೆಯವರಿಗೆ ಕೊಟ್ರಲ್ಲ ಅಣ್ಣ.”

“ಕೊಟ್ಬುಟ್ಟೆ. ನೀವು ನಡೆಸ್ತೀರಿ ಅಂತ ನಂಗನ್ನಿಸ್ನಿಲ್ಲ. ಈಗ ಅವ್ರಿಗೆ ಮಾತು ಕೊಟ್ಟಾಗದೆ.”

“ನನ್ನ ಒಂದು ಮಾತು ಕೇಳ್ಬೋದಿತ್ತು.”

“ಕೇಳ್ಬೋದಿತ್ತು,” ಎಂದರು. ಸ್ಕೂಟರು ಸ್ಟಾರ್ಟ್ ಮಾಡದೆ ರಸ್ತೆಯ ತಿರುವಿನ ತನಕ ತಳ್ಳಿಕೊಂಡೇ ಹೋದರು. ಆಮೇಲೆ ಅವರು ವರ್ಷಕ್ಕೊಮ್ಮೆ, ಹಬ್ಬದ ಹೊತ್ತಿಗೆ ಬಂದರೆ ಬಂದರು. ಆರ್ಡರು ಮರಳಿ ಬರಲಿಲ್ಲ.

ಹಳೆಯ ಗಿರಾಕಿಗಳಲ್ಲಿ ಇನ್ನೂ ಕೆಲವರು ಜಾರಿಕೊಂಡರು. ಬೇಕರಿಯವರು ಉಳಿದರು. ಆ ಕೂಟದ ಕೊನೆಯ ಮೇಜಿನಲ್ಲಿ ಕೂತಿದ್ದ ಹೆಂಗಸೊಬ್ಬರು ನನಗೆ ಫೋನು ಮಾಡಿದರು. ಮಸಾಲೆಪುಡಿ ಮಾಡಿ ಅಂಗಡಿಗಳಿಗೆ ಹಾಕುತ್ತಿದ್ದವರು. “ನಿಮ್ಮ ಹಾಗೇ ನಾನೂ ಕಂಬ ಹಿಡ್ಕೊಂಡು ನಿಲ್ತೀನಿ ಕಣ್ರೀ. ನಿಮ್ಮನ್ನ ನೋಡಿದೀನಿ, ಮಾತಾಡ್ಸೋಕೆ ನಾಚ್ಕೆ ಆಯ್ತು,” ಎಂದರು. ಆಮೇಲೆ ನಾವಿಬ್ಬರೂ ಒಟ್ಟಿಗೆ ಸಭೆಗೆ ಹೋಗತೊಡಗಿದೆವು. ಅವರ ಪುಡಿಯ ಡಬ್ಬಗಳು ಸಣ್ಣವು, ಬೇಕಾಗುತ್ತಿದ್ದುದೂ ಕಡಿಮೆ. ಆದರೆ ಒಬ್ಬರು ಪಕ್ಕದಲ್ಲಿದ್ದರೆ ಯಾವ ಗುಂಪಿನೆದುರು ನಿಲ್ಲಲೂ ಧೈರ್ಯ ಬರುತ್ತಿತ್ತು. ಯೂನಿಟ್ಟು ಮೊದಲಿನಷ್ಟು ದೊಡ್ಡದಾಗಿ ಉಳಿಯಲಿಲ್ಲ. ಮುಚ್ಚಲೂ ಇಲ್ಲ.

ಗಂಡ ಮತ್ತೆ ಸಭೆಗೆ ಬರಲಿಲ್ಲ. ಒಂದು ಮಧ್ಯಾಹ್ನ ಫೋನು ಬಂತು. ಅಭ್ಯಾಸದಂತೆ ಅವರು ಎದ್ದರು. ನಾನು, “ಇದಾರೆ. ಮಾತಾಡೋಕೆ ಆಗಲ್ಲ, ನೀವು ಹೇಳಿ, ಕೇಳಿಸ್ಕೋತಾರೆ” ಎಂದು ರಿಸೀವರನ್ನು ಅವರ ಕಿವಿಗೆ ಹಿಡಿದೆ. ಸ್ವಲ್ಪ ಹೊತ್ತು ತಳ್ಳಿದರು. ಆಮೇಲೆ ತಾವೇ ಎಡಗೈಯಲ್ಲಿ ಹಿಡಿದುಕೊಂಡು ಕೂತರು. ಆ ಸಂಜೆ ನಡೆಯಲು ಹೊರಟಾಗ ತೋಳು ಹಿಡಿಯಲು ಬಿಟ್ಟರು. ಕ್ಷಮಿಸಿದರೋ, ಸುಸ್ತಾಗಿದ್ದರೋ, ಕೇಳುವ ದಾರಿ ಇರಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಬೋಗಾದಿಯ ಖಾಲಿ ಸೈಟುಗಳೆಲ್ಲ ತುಂಬಿದವು. ಎಲ್ಲೆಲ್ಲೂ ಬಾಡಿಗೆಗಿದ್ದು ಓದುವ ಮಕ್ಕಳು. ನಾವೂ ಮಹಡಿಯ ಮೇಲೆ ಎರಡು ಕೋಣೆ ಕಟ್ಟಿಸಿ ಹಾಸನದ ಕಡೆಯ ಇಬ್ಬರು ಹುಡುಗಿಯರಿಗೆ ಕೊಟ್ಟೆವು. ಸಂಜೆ ಅವರು ಮೆಟ್ಟಿಲ ಮೇಲೆ ಕೂತು ಕಾಲೇಜಿನ ಸುದ್ದಿಯನ್ನೆಲ್ಲ ನನ್ನ ಗಂಡನಿಗೆ ಹೇಳುತ್ತಿದ್ದರು. ಮನೆಯಲ್ಲಿ ಹೇಳಲಾಗದ್ದನ್ನೂ ಹೇಳುತ್ತಿದ್ದರೆಂದು ಕಾಣುತ್ತದೆ, ಒಮ್ಮೊಮ್ಮೆ ದನಿ ತಗ್ಗುತ್ತಿತ್ತು.

ಒಂದು ದಿನ ಅವರಲ್ಲಿ ದೊಡ್ಡವಳು ನನಗೆ, “ಅಂಕಲ್ ಮೊದಲಿಂದಲೂ ಹೀಗೇನಾ ಆಂಟಿ, ಶಾಂತವಾಗಿ?” ಎಂದು ಕೇಳಿದಳು.

ನಾನು ಅವರ ಕಡೆ ನೋಡಿದೆ. ಅವರು ಎಡಗೈಯಲ್ಲಿ ಬಟಾಣಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

“ಇಲ್ಲಮ್ಮ,” ಎಂದೆ. “ಬಾ, ಕೂತ್ಕೋ. ಅವರು ಹೇಗಿದ್ರು ಅಂತ ಹೇಳ್ತೀನಿ.”